ಶಾಲಾ ವಾಲಿಬಾಲ್ ತಂಡದ ತರಬೇತಿ ಮತ್ತು ಅಂಗಳದೊಳಗಿನ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು 12ರಿಂದ 16 ವರ್ಷದ ಮಕ್ಕಳಿಗೆ ವಾಲಿಬಾಲ್ ಕಲಿಸುವ ದೈಹಿಕ ಶಿಕ್ಷಣ ಶಿಕ್ಷಕರಿಗೆ, ಊರಿನ ಕ್ಲಬ್ ನಡೆಸುವವರಿಗೆ ಮತ್ತು ಸಂಜೆ ಹೊತ್ತು ಮಕ್ಕಳನ್ನು ಆಡಿಸುವ ಹಳೆಯ ಆಟಗಾರರಿಗೆ ಬರೆದದ್ದು. ಮಣ್ಣಿನ ಅಂಗಳ, ಬೆರಳೆಣಿಕೆಯ ಚೆಂಡುಗಳು, ಶಾಲೆ ಬಿಟ್ಟ ಮೇಲೆ ಸಿಗುವ ಒಂದು ಗಂಟೆ: ಇಷ್ಟರಲ್ಲೇ ಏನು ಸಾಧ್ಯ ಎಂಬ ಲೆಕ್ಕದಲ್ಲಿ ಉತ್ತರಿಸಿದ್ದೇವೆ.

ಹೊಸದಾಗಿ ತಂಡ ಕಟ್ಟುತ್ತಿದ್ದೇವೆ. ಎಷ್ಟು ಮಕ್ಕಳು, ಎಷ್ಟು ಚೆಂಡು ಬೇಕು?

ಪಂದ್ಯಕ್ಕೆ 12 ಜನರ ಪಟ್ಟಿ ಸಾಕು. ಅಭ್ಯಾಸಕ್ಕೆ 14–16 ಮಕ್ಕಳಿರಲಿ. ಜ್ವರ, ಟ್ಯೂಷನ್, ಊರ ಜಾತ್ರೆ ಅಂತ ದಿನಕ್ಕೆ ಇಬ್ಬರಾದರೂ ತಪ್ಪಿಸಿಕೊಳ್ಳುತ್ತಾರೆ. 12 ಜನ ಇಲ್ಲದಿದ್ದರೆ ಆರು–ಆರು ಆಡಿಸಲು ಆಗುವುದಿಲ್ಲ.

ಇಬ್ಬರಿಗೊಂದು ಚೆಂಡಿದ್ದರೆ ಒಳ್ಳೆಯದು, ಕನಿಷ್ಠ ಆರು ಬೇಕು. ಎರಡೇ ಚೆಂಡಿದ್ದಾಗ ಅರ್ಧ ಸಮಯ ಸಾಲಿನಲ್ಲಿ ನಿಲ್ಲುವುದರಲ್ಲೇ ಕಳೆಯುತ್ತದೆ. ಚೆಂಡಿನ ತೂಕ 260–280 ಗ್ರಾಂ, ಸುತ್ತಳತೆ 65–67 ಸೆಂ.ಮೀ., ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 0.30–0.325 ಕೆ.ಜಿ. ಇರಬೇಕು, ಪಂಪಿನ ಮೀಟರಿನಲ್ಲಿ ಸುಮಾರು 4.3ರಿಂದ 4.6 ಪಿಎಸ್ಐ. ಬಹಳ ಕಡೆ ತಪ್ಪುವುದು ಇಲ್ಲೇ. ಸೈಕಲ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಗಾಳಿ ತುಂಬಿಸಿದ ಚೆಂಡು ಮುಂಗೈಗೆ ಬಡಿದಾಗ ಉರಿಯುತ್ತದೆ. ಮಗು ಚೆಂಡು ತಾಗುವ ಮೊದಲೇ ಕೈ ಹಿಂದಕ್ಕೆಳೆಯುವುದನ್ನು ಕಲಿಯುತ್ತದೆ, ಆಮೇಲೆ ಆ ಚಾಳಿ ಬಿಡಿಸಲು ತಿಂಗಳುಗಟ್ಟಲೆ ಬೇಕು. ಮೀಟರ್ ಇಲ್ಲದಿದ್ದರೆ ಎರಡೂ ಹೆಬ್ಬೆರಳಿಂದ ಒತ್ತಿ ನೋಡಿ; ಸ್ವಲ್ಪ ತಗ್ಗಬೇಕು.

ಅಂಗಳದ ಗೆರೆ ಹಾಕುವಾಗ ಗಮನಿಸಬೇಕಾದ್ದೇನು?

18 ಮೀಟರ್ ಉದ್ದ, 9 ಮೀಟರ್ ಅಗಲ, ನಡುಗೆರೆಯಿಂದ 3 ಮೀಟರ್‌ಗೆ ದಾಳಿ ಗೆರೆ, ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ. ಮೂಲೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಕಡೆಯ ಅಂಗಳದ ಎರಡೂ ಕರ್ಣ ಅಳೆಯಿರಿ: ಎರಡೂ 12.73 ಮೀಟರ್ ಬರಬೇಕು. ಗೆರೆಗೆ ಸುಣ್ಣದ ಪುಡಿ ಬೇಡ. ಡೈವ್ ಹೊಡೆದ ಮಗುವಿನ ಕಣ್ಣಿಗೆ ಸುಣ್ಣ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಕಂಬಕ್ಕೆ ಗೂಟ ಹೊಡೆದು ಹಗ್ಗ ಬಿಗಿದಿದ್ದರೆ ಆ ಹಗ್ಗಕ್ಕೆ ಬಣ್ಣದ ಬಟ್ಟೆ ಕಟ್ಟಿ, ಕಂಬಕ್ಕೆ ಹಳೆಯ ಹಾಸಿಗೆಯ ತುಂಡು ಸುತ್ತಿ.

ನೆಟ್ ಎಷ್ಟು ಎತ್ತರ ಕಟ್ಟಬೇಕು?

ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್. ಮಕ್ಕಳ ಪಂದ್ಯಗಳಲ್ಲಿ ವಯೋಮಿತಿಗೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಆ ವರ್ಷದ ಕ್ರೀಡಾಕೂಟದ ಸುತ್ತೋಲೆ ನೋಡಿಕೊಳ್ಳಿ. ಅಭ್ಯಾಸದಲ್ಲಿ 11–12ರ ಮಕ್ಕಳಿಗೆ 2 ಮೀಟರ್‌ನಿಂದ ಶುರು ಮಾಡಿ, ಎರಡು ಮೂರು ತಿಂಗಳಿಗೊಮ್ಮೆ 5 ಸೆಂ.ಮೀ. ಏರಿಸುತ್ತಾ ಹೋಗಿ. ಮೊದಲ ದಿನವೇ ದೊಡ್ಡವರ ಎತ್ತರ ಕಟ್ಟಿದರೆ ಮಕ್ಕಳು ಚೆಂಡನ್ನು ಮೇಲಿನಿಂದ ಹೊಡೆಯುವ ಬದಲು ಕೆಳಗಿನಿಂದ ನೂಕುವುದನ್ನು ರೂಢಿಸಿಕೊಳ್ಳುತ್ತಾರೆ.

ಅಳೆಯಬೇಕಾದ್ದು ಅಂಗಳದ ನಡುವೆ. ಎರಡು ತುದಿಗಳು ಒಂದೇ ಎತ್ತರದಲ್ಲಿರಬೇಕು, ನಡುವಿಗಿಂತ 2 ಸೆಂ.ಮೀ.ಗಿಂತ ಹೆಚ್ಚು ಏರಿರಬಾರದು. ನೈಲಾನ್ ಹಗ್ಗ ಅರ್ಧ ಗಂಟೆಯಲ್ಲಿ ಜಗ್ಗುತ್ತದೆ. ಬಿದಿರಿನ ಕೋಲಿಗೆ ಟೇಪಿನಿಂದ ಗುರುತು ಹಾಕಿಟ್ಟುಕೊಂಡು ಆಗಾಗ ಹಿಡಿದು ನೋಡಿ.

ನಮ್ಮ ಶಾಲೆಯ ಹುಡುಗಿಯರು ಇಲ್ಲಿಯವರೆಗೆ ಥ್ರೋಬಾಲ್ ಆಡಿದವರು. ವಾಲಿಬಾಲ್‌ಗೆ ತರುವುದು ಹೇಗೆ?

ಕರ್ನಾಟಕದ ಶಾಲೆಗಳಲ್ಲಿ ಇದು ದಿನಾ ಎದುರಾಗುವ ಸಂಗತಿ. ಥ್ರೋಬಾಲ್ ಆಡಿದವರಿಗೆ ಚೆಂಡಿನ ಹಾದಿ ಗುರುತಿಸಿ ಅದರ ಕೆಳಗೆ ಹೋಗಿ ನಿಲ್ಲುವುದು ಆಗಲೇ ಬರುತ್ತದೆ. ಹೊಸಬರಿಗೆ ಅದನ್ನು ಕಲಿಸುವುದೇ ಕಷ್ಟ. ತೊಡಕು ಎರಡು. ಒಂದು, ಚೆಂಡು ಹಿಡಿಯುವ ಅಭ್ಯಾಸ: ಫಿಂಗರ್ ಪಾಸ್ ಮಾಡುವಾಗ ಚೆಂಡು ಅಂಗೈಯಲ್ಲಿ ಕೂರುತ್ತದೆ, ರೆಫರಿ ಸೀಟಿ ಊದುತ್ತಾರೆ. ಇನ್ನೊಂದು, ಕಾಲು. ಥ್ರೋಬಾಲ್‌ನಲ್ಲಿ ನೆಟ್ಟಗೆ ನಿಂತು ಹಿಡಿಯಬಹುದು, ಇಲ್ಲಿ ಮಂಡಿ ಬಾಗಿಸದೆ ಕೆಳಗಿನ ಚೆಂಡು ಎತ್ತಲಾಗದು.

ಮೊದಲ ವಾರ ಹಿಡಿಯಲಿ, ಆದರೆ ಹಣೆಯ ಮೇಲೆ, ಹತ್ತೂ ಬೆರಳಿನ ತುದಿಯಲ್ಲಿ, ಅಂಗೈಗೆ ತಾಗದಂತೆ. ಅಲ್ಲೇ ನಿಲ್ಲಿಸಿ, ಕೈಯ ಆಕಾರ ನೋಡಿ, ಆಮೇಲೆ ತಳ್ಳಲಿ. ಎರಡನೇ ವಾರ ಹಿಡಿಯುವ ಸಮಯ ಅರ್ಧಕ್ಕಿಳಿಸಿ. ಮೂರನೇ ವಾರ ಗೋಡೆಯಿಂದ ಒಂದೂವರೆ ಅಡಿ ದೂರ ನಿಂತು ಬೆರಳ ತುದಿಯಲ್ಲೇ 30 ಬಾರಿ ಪುಟಿಸಲಿ. ಗೋಡೆ ಅಷ್ಟು ಹತ್ತಿರವಿದ್ದಾಗ ಹಿಡಿದುಕೊಳ್ಳಲು ಸಮಯವೇ ಇರುವುದಿಲ್ಲ. ಅಂದ ಹಾಗೆ, ಥ್ರೋಬಾಲ್ ತಂಡದಲ್ಲಿ ಚೆನ್ನಾಗಿ ಆಡುವ ಹುಡುಗಿ ಅನೇಕ ಸಲ ಒಳ್ಳೆಯ ಸೆಟ್ಟರ್ (ತಂಡದ ಮೂರು ಹೊಡೆತಗಳಲ್ಲಿ ಎರಡನೆಯದನ್ನು ಆಡಿ, ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು) ಆಗುತ್ತಾಳೆ. ಎದುರಿನ ಅಂಗಳದಲ್ಲಿ ಖಾಲಿ ಜಾಗ ಎಲ್ಲಿದೆ ಎಂದು ನೋಡುವ ಕಣ್ಣು ಅವಳಿಗೆ ಮೊದಲೇ ಇರುತ್ತದೆ.

ಮಕ್ಕಳು ಅಂಗಳದಲ್ಲಿ ಬಾಯೇ ಬಿಡುವುದಿಲ್ಲ. "ಮಾತಾಡ್ರೋ, ಮಾತಾಡ್ರೋ" ಎಂದು ಕೂಗಿ ಕೂಗಿ ಸಾಕಾಯಿತು. ಏನು ಮಾಡುವುದು?

ಕೂಗುವುದನ್ನು ನಿಲ್ಲಿಸಿ. "ಮಾತಾಡಿ" ಎಂದರೆ ಯಾರು, ಯಾವಾಗ, ಏನು ಹೇಳಬೇಕು ಎಂಬುದು ಮಗುವಿಗೆ ತಿಳಿಯುವುದಿಲ್ಲ. ಅಂಡರ್‌ಹ್ಯಾಂಡ್ ಪಾಸ್ ಕಲಿಸುವಾಗ "ಚೆನ್ನಾಗಿ ಎತ್ತು" ಎಂದಷ್ಟೇ ಹೇಳಿ ಬಿಡುವುದಿಲ್ಲವಲ್ಲ. ಕಾಲು ಎಲ್ಲಿ, ಮೊಣಕೈ ಹೇಗೆ, ಚೆಂಡು ಮುಂಗೈಯ ಯಾವ ಭಾಗಕ್ಕೆ ತಾಗಬೇಕು ಎಂದು ಬಿಡಿಸಿ ಹೇಳುತ್ತೇವೆ. ಅಂಗಳದ ಮಾತನ್ನೂ ಹಾಗೆಯೇ, ಚೆಂಡಿನ ಜೊತೆಗೇ ಕಲಿಸಬೇಕು. ಅದು ಮಗುವಿನ ಸ್ವಭಾವಕ್ಕೆ ಸೇರಿದ್ದೆಂದು ಕೈಬಿಡಬೇಡಿ. ತರಗತಿಯಲ್ಲಿ ತುಟಿ ಪಿಟಕ್ಕೆನ್ನದ ಮಗು ಕೂಡ ಗೊತ್ತಿರುವ ಒಂದು ಪದವನ್ನು ಗೊತ್ತಿರುವ ಕ್ಷಣದಲ್ಲಿ ಕೂಗುತ್ತದೆ.

ಮೂರು ವಿಷಯ ಗೊತ್ತುಪಡಿಸಿ. ಪದ ಯಾವುದು, ಯಾರು ಹೇಳಬೇಕು, ಚೆಂಡು ಎಲ್ಲಿರುವಾಗ ಹೇಳಬೇಕು. ಸರ್ವಿಸ್ ಬರುವಾಗ "ನಂದು" ಎಂಬ ಮಾತು ಚೆಂಡು ನೆಟ್ ದಾಟುವ ಮೊದಲೇ ಬರಬೇಕು. ದಾಟಿದ ಮೇಲೆ ಬಂದರೆ ಪಕ್ಕದವನು ಆಗಲೇ ಎರಡು ಹೆಜ್ಜೆ ಹಾಕಿರುತ್ತಾನೆ. ಚೆಂಡು ಎತ್ತಿ ಆದ ಮೇಲೆ "ನಂದು" ಎನ್ನುವವರು ಪ್ರತಿ ತಂಡದಲ್ಲೂ ಒಬ್ಬಿಬ್ಬರಿರುತ್ತಾರೆ. ಅವರ ಕೂಗು ಜೋರಾಗಿರುವುದರಿಂದ ತಂಡ ಮಾತಾಡುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಬೆಂಚಿನಲ್ಲಿ ಕೂತ ಒಬ್ಬ ಹುಡುಗನಿಗೆ ಪೆನ್ನು ಕೊಟ್ಟು, ನೆಟ್ ದಾಟುವ ಮೊದಲು ಬಂದ ಕೂಗಿಗೆ ಮಾತ್ರ ಗೀಟು ಹಾಕಲು ಹೇಳಿ. ನಿಜ ಸ್ಥಿತಿ ಹತ್ತು ನಿಮಿಷದಲ್ಲಿ ಹಾಳೆಯ ಮೇಲೆ ಕಾಣುತ್ತದೆ.

ಯಾವ ಪದಗಳನ್ನು ಬಳಸಬೇಕು? ಕನ್ನಡವೋ ಇಂಗ್ಲಿಷೋ?

ಎರಡೂ ಬೆರೆಯಲಿ, ಚಿಂತೆಯಿಲ್ಲ. ಚಿಕ್ಕದಾಗಿರಬೇಕು, ಒಂದಕ್ಕೊಂದು ದನಿಯಲ್ಲಿ ಬೇರೆಯಾಗಿರಬೇಕು. "ನಂದು" ಮತ್ತು "ನಿಂದು" ಎರಡನ್ನೂ ಇಟ್ಟುಕೊಂಡರೆ ಕೆಟ್ಟಿರಿ. ಗದ್ದಲದಲ್ಲಿ ಕಿವಿಗೆ ಬೀಳುವುದು "…ಂದು" ಮಾತ್ರ, ಇಬ್ಬರೂ ನಿಲ್ಲುತ್ತಾರೆ ಅಥವಾ ಇಬ್ಬರೂ ನುಗ್ಗುತ್ತಾರೆ. ಆದ್ದರಿಂದ "ನಿಂದು" ನಿಷೇಧ. ಬೇರೆಯವರಿಗೆ ಬಿಡುವುದಾದರೆ ಅವರ ಹೆಸರು ಕೂಗಬೇಕು. ಹೆಸರು ಉದ್ದವಿದ್ದರೆ ಮೊಟಕು ಮಾಡಿ: ಮಲ್ಲಿಕಾರ್ಜುನ ಅಂಗಳದಲ್ಲಿ "ಮಲ್ಲು", ಭಾಗ್ಯಲಕ್ಷ್ಮಿ "ಭಾಗ್ಯ".

"ಬಿಡು" ಕೂಡ ಕೈಕೊಡುವ ಪದ. ಚೆಂಡು ಹೊರಗೆ ಹೋಗುತ್ತಿದೆ, ಮುಟ್ಟಬೇಡ ಎಂಬ ಅರ್ಥದಲ್ಲಿ ಒಬ್ಬ ಹೇಳಿದರೆ, ನೀನು ಬಿಡು ನಾನು ತೆಗೆದುಕೊಳ್ಳುತ್ತೇನೆ ಎಂದು ಇನ್ನೊಬ್ಬ ತಿಳಿಯುತ್ತಾನೆ. ತಪ್ಪಾದಾಗ "ಬಿಡು ಬಿಡು, ಪರ್ವಾಗಿಲ್ಲ" ಎಂದು ಸಮಾಧಾನ ಹೇಳಲೂ ಇದೇ ಪದ. ಅದನ್ನು ಸಮಾಧಾನಕ್ಕೇ ಮೀಸಲಿಡಿ. ಹೊರಹೋಗುವ ಚೆಂಡಿಗೆ "ಔಟ್" ಇರಲಿ.

ಒಂದು ಶಾಲಾ ತಂಡಕ್ಕೆ ಆರು ಪದ ಸಾಕು. "ನಂದು". "ಔಟ್": ಇದನ್ನು ಹೇಳಬೇಕಾದ್ದು ಚೆಂಡು ಎತ್ತಲು ಹೊರಟವನಲ್ಲ, ಅವನ ಪಕ್ಕದವನು, ಏಕೆಂದರೆ ಚೆಂಡು ಮತ್ತು ಗೆರೆ ಎರಡೂ ಕಾಣುವುದು ಅವನಿಗೆ. "ಫ್ರೀ": ಎದುರಾಳಿ ಹೊಡೆಯಲಾಗದೆ ಸುಮ್ಮನೆ ದಾಟಿಸುತ್ತಿದ್ದಾನೆ, ಎಲ್ಲರೂ ತಂತಮ್ಮ ಜಾಗಕ್ಕೆ ಸರಿಯಿರಿ. "ಟಿಪ್": ಬ್ಲಾಕ್‌ನ (ನೆಟ್ ಬಳಿ ಕೈಯೆತ್ತಿ ಹೊಡೆತ ತಡೆಯುವವರ) ಹಿಂದೆ ಮೆಲ್ಲಗೆ ಇಳಿಸುತ್ತಿದ್ದಾನೆ. "ಟಚ್": ಬ್ಲಾಕ್ ಮಾಡಿದವನ ಕೈಗೆ ತಾಗಿದೆ. ಬ್ಲಾಕ್‌ನ ತಾಗುವಿಕೆ ಮೂರು ಹೊಡೆತದ ಲೆಕ್ಕಕ್ಕೆ ಬರುವುದಿಲ್ಲ, ಇನ್ನೂ ಮೂರು ಬಾಕಿ ಇವೆ ಎಂಬುದು ಹಿಂದಿನವರಿಗೆ ಇದರಿಂದಲೇ ಗೊತ್ತಾಗಬೇಕು. ಕೊನೆಯದು "ಹೆಲ್ಪ್": ಎರಡನೇ ಚೆಂಡಿಗೆ ತಲುಪಲಾರೆ ಎಂದು ಸೆಟ್ಟರ್ ಹೇಳುವ ಮಾತು.

ಗಡಿ ಭಾಗದಲ್ಲಿ, ಹಾಸ್ಟೆಲ್‌ಗಳಲ್ಲಿ ಒಂದೇ ತಂಡದೊಳಗೆ ಮರಾಠಿ, ತೆಲುಗು, ಉರ್ದು, ತುಳು, ಲಂಬಾಣಿ ಮಾತಾಡುವ ಮಕ್ಕಳಿರುತ್ತಾರೆ. ಗಾಬರಿಯಾದಾಗ ಬಾಯಿಗೆ ಬರುವುದು ಮನೆಮಾತೇ. ಪದಗಳನ್ನು ಮಕ್ಕಳೇ ಕೂತು ಆರಿಸಲಿ, ಆರಿಸಿದ ಮೇಲೆ ಬದಲಾಯಿಸುವಂತಿಲ್ಲ.

ಇಬ್ಬರ ನಡುವೆ ಬಿದ್ದ ಚೆಂಡನ್ನು ಇಬ್ಬರೂ ನೋಡುತ್ತಾ ನಿಲ್ಲುತ್ತಾರೆ. ಯಾಕೆ?

ತೀರ್ಮಾನವನ್ನು ಚೆಂಡು ಗಾಳಿಯಲ್ಲಿರುವಾಗ ಮಾಡಲು ಹೊರಡುವುದರಿಂದ. ನಡುವಿನ ಚೆಂಡು ಯಾರದು ಎಂಬುದು ಸರ್ವಿಸ್‌ಗೆ ಮೊದಲೇ ಗೊತ್ತಿರಬೇಕು. ಕೂಗು ಅದನ್ನು ಖಚಿತಪಡಿಸಲು ಮಾತ್ರ.

ಐದು ಜನ ಸರ್ವಿಸ್ ಎತ್ತುವ ಸರಳ ಜೋಡಣೆಯನ್ನೇ ನೋಡಿ. ನೆಟ್ ಕಡೆ ಮುಖ ಮಾಡಿ ನಿಂತಾಗ ಸ್ಥಾನಗಳು ಮುಂದಿನ ಸಾಲಿನಲ್ಲಿ ಎಡದಿಂದ 4, 3, 2; ಹಿಂದಿನ ಸಾಲಿನಲ್ಲಿ ಎಡದಿಂದ 5, 6, 1. 3ನೇ ಸ್ಥಾನದ ಸೆಟ್ಟರ್ ನೆಟ್ ಬಳಿ. 4 ಮತ್ತು 2 ದಾಳಿ ಗೆರೆಗಿಂತ ಒಂದೆರಡು ಹೆಜ್ಜೆ ಹಿಂದೆ, ಅವರ ನಡುವೆ 6. ಇನ್ನೂ ಹಿಂದೆ, ಮುಂದಿನವರ ನಡುವಿನ ಸಂದಿಯಲ್ಲಿ 5 ಮತ್ತು 1. ಮೊದಲ ನಿಯಮ: ಮುಂದಿನವರ ಎದೆಗಿಂತ ಮೇಲೆ ಬಂದ ಚೆಂಡು ಹಿಂದಿನವರದು. ಮುಂದಿನವನು ತಲೆಯ ಮೇಲೆ ಕೈಯೆತ್ತಿ ಹಿಂದಕ್ಕೆ ಜೋಲುವುದೇ ಶಾಲಾ ಪಂದ್ಯಗಳಲ್ಲಿ ಅತಿ ಹೆಚ್ಚು ಪಾಯಿಂಟ್ ಕಳೆಯುವ ತಪ್ಪು ಎಂಬುದು ನಮ್ಮ ಎಣಿಕೆ. ಎರಡನೇ ನಿಯಮ: 5 ಮತ್ತು 1ರ ನಡುವೆ ಬಂದದ್ದು 5ರವರದು, ನಿಮ್ಮ 1 ಗಟ್ಟಿಗನಾಗಿದ್ದರೆ ಅವನದೇ ಇರಲಿ, ಆದರೆ ಪಂದ್ಯದ ನಡುವೆ ಬದಲಾಗಬಾರದು. ಮೂರನೆಯದು: ಎತ್ತದವನು ಸುಮ್ಮನೆ ನಿಲ್ಲುವಂತಿಲ್ಲ. ಎತ್ತುವವನ ಕಡೆ ಮುಖ ತಿರುಗಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಜಾರಿ ಬಂದ ಚೆಂಡಿಗೆ ಕಾಯಬೇಕು. ಹೀಗೆ ಸರಿಯುವುದರಿಂದ ಡಿಕ್ಕಿಯೂ ತಪ್ಪುತ್ತದೆ.

ಮಾತು ಬೆಳೆಸುವ ಅಭ್ಯಾಸಗಳನ್ನು ವಿವರವಾಗಿ ಹೇಳಿ.

ಇಬ್ಬರಿಂದ ಶುರು ಮಾಡಿ. ಐದು ಮೀಟರ್ ಅಂತರದಲ್ಲಿ ಇಬ್ಬರು ಪಾಸ್ ಆಡಲಿ. ಚೆಂಡು ಎದುರಿನವನ ಕೈ ಬಿಡುತ್ತಿದ್ದಂತೆ "ನಂದು" ಎನ್ನಬೇಕು. ಸಂಗಡಿಗನೇ ತೀರ್ಪುಗಾರ: ಕೂಗು ಬಾರದ ಪಾಸ್ ಎಷ್ಟೇ ಚೆನ್ನಾಗಿದ್ದರೂ ಎಣಿಕೆ ಸೊನ್ನೆಗೆ ಬೀಳುತ್ತದೆ. 20 ಮುಟ್ಟಿದ ಜೋಡಿ ನೀರು ಕುಡಿಯಬಹುದು. ಪೆದ್ದಾಟದಂತೆ ಕಂಡರೂ ಮೊದಲ ಎರಡು ವಾರ ಇದನ್ನು ಬಿಡಬೇಡಿ.

ಆಮೇಲೆ ಮೂವರು: ಎತ್ತುವವರಿಬ್ಬರು, ನೆಟ್ ಬಳಿ ಒಬ್ಬ ಸೆಟ್ಟರ್. ನೀವು ಎದುರಿನ ಅಂಗಳದಿಂದ ಚೆಂಡನ್ನು ಬೇಕೆಂದೇ ಇಬ್ಬರ ನಡುವೆ ಎಸೆಯಿರಿ, ಹತ್ತರಲ್ಲಿ ಏಳಾದರೂ ಅಲ್ಲೇ ಬೀಳಲಿ. ಎಸೆತ ಮೊದಲು ನಿಧಾನವಾಗಿರಲಿ, ನಂತರ ದಾಳಿ ಗೆರೆಯಿಂದ ಸರ್ವಿಸ್, ಕೊನೆಗೆ ಪೂರ್ತಿ ದೂರದಿಂದ. ಪೂರ್ತಿ ಸರ್ವಿಸ್‌ನಿಂದಲೇ ಆರಂಭಿಸಿದರೆ ಮಗುವಿನ ಗಮನವೆಲ್ಲ ಚೆಂಡಿನ ಹೆದರಿಕೆಗೆ ಹೋಗಿ ಬಾಯಿ ಕಟ್ಟುತ್ತದೆ.

ಮುಂದಿನದು ಬೆಡ್‌ಶೀಟ್ ಅಭ್ಯಾಸ. ನೆಟ್‌ನ ಮೇಲೆ ಎರಡು ಹಳೆಯ ಬೆಡ್‌ಶೀಟ್ ಹೊದಿಸಿ, ಕೆಳಗಿನವರೆಗೂ ಇಳಿಬಿಡಿ. ಆ ಕಡೆಯಿಂದ ಚೆಂಡು ಎಸೆಯುವವನು ಕಾಣುವುದಿಲ್ಲ. ಚೆಂಡು ಬಟ್ಟೆಯ ಮೇಲೆ ಕಂಡಾಗಲೇ ಗೊತ್ತಾಗುವುದು. ಸಮಯ ಅರ್ಧವಾಗುವುದರಿಂದ ಕೂಗು ತಂತಾನೇ ಬೇಗ ಬರುತ್ತದೆ. ಮೂರು ನಿಮಿಷದ ಸುತ್ತು, ಎರಡೇ ಸುತ್ತು ಸಾಕು. ಗಾಳಿ ಬೀಸುವ ದಿನ ಬೇಡ, ಬಟ್ಟೆ ಹಾರಿ ಕಂಬವೇ ವಾಲುತ್ತದೆ.

ಫ್ರೀ ಚೆಂಡಿನ ಅಭ್ಯಾಸ ಆರೂ ಜನರಿಗೆ. ಎಲ್ಲರೂ ಬ್ಲಾಕ್‌ಗೆ ನಿಂತ ಸ್ಥಿತಿಯಲ್ಲಿರಲಿ. ನೀವು ಚೆಂಡನ್ನು ತಲೆಯ ಮೇಲೆ ಎತ್ತಿದರೆ ಹೊಡೆತ, ಸೊಂಟದ ಬಳಿ ಇಳಿಸಿದರೆ ಫ್ರೀ. ಇಳಿದದ್ದನ್ನು ಕಂಡ ಮೊದಲಿಗ ಕೂಗಬೇಕು, ಉಳಿದ ಐವರೂ ಮತ್ತೆ ಕೂಗುತ್ತಾ ಜಾಗ ಬದಲಿಸಬೇಕು. ಆರು ದನಿ ಕೇಳದಿದ್ದರೆ ಚೆಂಡು ಎಸೆಯಬೇಡಿ, ಮತ್ತೆ ಮೊದಲಿನಿಂದ. ಕೆಲವೊಮ್ಮೆ ಕೈ ಇಳಿಸಿದಂತೆ ಮಾಡಿ ಮತ್ತೆ ಎತ್ತಿ. ನೋಡದೆ ಕೂಗುವವರು ಸಿಕ್ಕಿಬೀಳುತ್ತಾರೆ.

ಕೊನೆಗೆ ಪಂದ್ಯ, ಆದರೆ ಅಂಕದ ಲೆಕ್ಕ ಬೇರೆ. 15 ಪಾಯಿಂಟ್‌ನ ಆಟದಲ್ಲಿ ಸರಿಯಾದ ಹೊತ್ತಿನ ಕೂಗಿನೊಂದಿಗೆ ಗೆದ್ದ ರ‍್ಯಾಲಿಗೆ 2, ಕೂಗಿಲ್ಲದೆ ಗೆದ್ದದ್ದಕ್ಕೆ 1, ಇಬ್ಬರ ನಡುವೆ ಚೆಂಡು ಬಿಟ್ಟರೆ ಎದುರಾಳಿಗೆ 2. ವಾರಕ್ಕೊಮ್ಮೆ ಐದು ಪಾಯಿಂಟ್ ಯಾರೂ ಉಸಿರೆತ್ತದೆ ಆಡಲಿ. ಎಲ್ಲಿ ಎಡವಿದೆವು ಎಂದು ಆಮೇಲೆ ಅವರೇ ತೋರಿಸುತ್ತಾರೆ, ನೀವು ಬಾಯಿ ಬಿಡುವುದೇ ಬೇಡ.

ಸೆಟ್ಟರ್ ಯಾರಾಗಬೇಕು? ಅವರ ಮಾತಿನ ಹೊಣೆ ಏನು?

ಹಳ್ಳಿಯ ಅಂಗಳಗಳಲ್ಲಿ ಲಿಫ್ಟರ್ ಎನ್ನುವುದು ಇವರನ್ನೇ. ಕುಳ್ಳಗಿರುವವರನ್ನು ಸೆಟ್ಟರ್ ಮಾಡುವ ರೂಢಿ ಇದೆ, ಅದು ಸರಿಯಲ್ಲ. ಮುಂದಿನ ಸಾಲಿಗೆ ಬಂದಾಗ ಅವರೂ ಬ್ಲಾಕ್ ಮಾಡಬೇಕು. ಮೃದುವಾದ ಕೈ, ವೇಗದ ಕಾಲು, ಇವಕ್ಕೂ ಮೊದಲು ಬೇರೆಯವರ ತಪ್ಪಿಗೆ ಮುಖ ಸಿಂಡರಿಸದ ಗುಣ ನೋಡಿ. ಕೆಟ್ಟ ಪಾಸ್ ಬಂದಾಗ ಸೆಟ್ಟರ್ ಹಿಂದಿರುಗಿ ದುರುಗುಟ್ಟಿದರೆ, ಎತ್ತಿದ ಮಗು ಮುಂದಿನ ಚೆಂಡಿಗೆ "ನಂದು" ಎನ್ನಲು ಹಿಂಜರಿಯುತ್ತದೆ.

ಎರಡನೇ ಚೆಂಡು ಯಾವಾಗಲೂ ಸೆಟ್ಟರ್‌ದೇ, "ಹೆಲ್ಪ್" ಎನ್ನದ ಹೊರತು. ಮೊದಲ ಚೆಂಡನ್ನು ಸೆಟ್ಟರೇ ಎತ್ತಬೇಕಾಗಿ ಬಂದರೆ ಎರಡನೆಯದು ಮುಂದಿನ ಸಾಲಿನ ಬಲಗಡೆಯವರದು ಎಂದು ಗೊತ್ತುಪಡಿಸಿ. ಪ್ರತಿ ಸರ್ವಿಸ್‌ಗೆ ಮೊದಲು ಯಾರಿಗೆ ಕೊಡುತ್ತೇನೆ ಎಂಬುದನ್ನು ಬೆನ್ನ ಹಿಂದೆ ಬೆರಳು ತೋರಿಸಿ ಹೇಳಬಹುದು: ಒಂದು ಬೆರಳು ಎಡಕ್ಕೆ ಎತ್ತರದ ಸೆಟ್, ಎರಡು ಬೆರಳು ನಡುವಿಗೆ ಗಿಡ್ಡ ಸೆಟ್. ಶಾಲಾ ಮಟ್ಟಕ್ಕೆ ಇಷ್ಟೇ ಸಾಕು. ಹೊಡೆಯುವವರೂ ಚೆಂಡು ಕೇಳಬೇಕು, ಪಾಸ್ ಸೆಟ್ಟರ್‌ನ ಕೈ ತಲುಪುವ ಮೊದಲೇ.

ರೊಟೇಷನ್‌ನಲ್ಲಿ (ಸರ್ವಿಸ್ ಗೆದ್ದಾಗ ಆರೂ ಜನ ಒಂದೊಂದು ಸ್ಥಾನ ಸುತ್ತುವುದರಲ್ಲಿ) ರೆಫರಿ ಪದೇ ಪದೇ ತಪ್ಪು ಕೊಡುತ್ತಾರೆ.

ಸ್ಥಾನದ ಸಂಖ್ಯೆ ಉರುಹೊಡೆಸುವುದಕ್ಕಿಂತ ನೆರೆಯವರ ಹೆಸರು ಕಲಿಸಿ. ಸುತ್ತುವ ಕ್ರಮ ಇಡೀ ಸೆಟ್ ಒಂದೇ ಆಗಿರುವುದರಿಂದ "ನಾನು ಸರ್ವಿಸ್ ಮಾಡುವುದು ಮಂಜುವಿನ ನಂತರ, ನನ್ನ ನಂತರ ಇಮ್ರಾನ್" ಎಂಬುದು ಬದಲಾಗದು. ಸರ್ವಿಸ್ ಎತ್ತುವಾಗ ಪ್ರತಿಯೊಬ್ಬರೂ ತಮ್ಮ ಸಾಲಿನ ಪಕ್ಕದವರನ್ನೂ ತಮ್ಮ ನೇರ ಮುಂದಿನ ಅಥವಾ ಹಿಂದಿನವರನ್ನೂ ಮಾತ್ರ ನೋಡಿಕೊಂಡರೆ ಸಾಕು. ಲೆಕ್ಕಕ್ಕೆ ಬರುವುದು ನೆಲಕ್ಕೆ ತಾಗಿದ ಕಾಲು, ದೇಹವಲ್ಲ.

ಒಂದು ತಪ್ಪಾದರೆ ಸಾಲಾಗಿ ನಾಲ್ಕೈದು ಪಾಯಿಂಟ್ ಹೋಗುತ್ತವೆ. ತಡೆಯುವುದು ಹೇಗೆ?

ತಪ್ಪಾದ ಕೂಡಲೇ ಮಕ್ಕಳು ಬೇರೆ ಬೇರೆ ದಿಕ್ಕಿಗೆ ತಿರುಗಿ ನಿಲ್ಲುವುದನ್ನು ಗಮನಿಸಿದ್ದೀರಾ? ಪ್ರತಿ ಪಾಯಿಂಟ್ ಆದ ಮೇಲೂ, ಗೆದ್ದರೂ ಸೋತರೂ, ಆರೂ ಜನ ಅಂಗಳದ ನಡುವೆ ಸೇರಿ ಕೈ ತಟ್ಟಿ ಮರಳುವ ನಿಯಮವಿಡಿ. ಅಲ್ಲಿ ಒಂದೇ ಮಾತು, ಅದೂ ಮುಂದಿನ ಚೆಂಡಿನ ಬಗ್ಗೆ: "ಸರ್ವಿಸ್ ಗಿಡ್ಡ ಬರುತ್ತೆ, ಮುಂದೆ ಬಾ." "ಯಾಕೋ ಬಿಟ್ಟೆ" ಎಂಬ ಪ್ರಶ್ನೆ ಅಂಗಳದೊಳಗೆ ಬೇಡ, ಅದಕ್ಕೆ ಉತ್ತರ ಯಾರ ಬಳಿಯೂ ಇರುವುದಿಲ್ಲ. ಸರ್ವಿಸ್ ಮಾಡುವವರಿಗೆ ಸೀಟಿಯ ನಂತರ 8 ಸೆಕೆಂಡ್ ಇದೆ. ಹೆದರಿದ ಮಗು ಸೀಟಿ ಕೇಳಿದ ತಕ್ಷಣ ಹೊಡೆದು ನೆಟ್‌ಗೆ ತಾಗಿಸುತ್ತದೆ. ಎರಡು ಬಾರಿ ಚೆಂಡು ನೆಲಕ್ಕೆ ಪುಟಿಸಿ, ಒಮ್ಮೆ ಉಸಿರು ಬಿಟ್ಟು ಹೊಡೆಯುವುದನ್ನು ಅಭ್ಯಾಸದಲ್ಲೇ ರೂಢಿ ಮಾಡಿಸಿ.

ಹೊರಗಿನಿಂದ ಬೈಯುವ ತರಬೇತುದಾರರಿಗೂ ಒಂದು ಮಾತು. ಮಗು ತಪ್ಪಾದ ಮೇಲೆ ಚೆಂಡಿನ ಕಡೆ ನೋಡದೆ ನಿಮ್ಮ ಮುಖ ನೋಡುತ್ತಿದ್ದರೆ, ಆ ತಂಡ ಮಾತಾಡದಿರಲು ಕಾರಣ ಅಂಗಳದ ಒಳಗಿಲ್ಲ.

ಟೈಮ್‌ಔಟ್‌ನ 30 ಸೆಕೆಂಡಿನಲ್ಲಿ ಏನು ಹೇಳಬೇಕು?

ಮೊದಲ ಹತ್ತು ಸೆಕೆಂಡ್ ನೀರು, ನಿಮ್ಮ ಬಾಯಿಗೆ ಬೀಗ. ಆಮೇಲೆ ಒಂದೇ ಸೂಚನೆ, ಹೆಸರು ಹಿಡಿದು: "ಸುಮಾ, ಅವರ ನಾಲ್ಕನೇ ನಂಬರ್ ಲೈನ್‌ಗೆ ಹೊಡೀತಿದ್ದಾಳೆ, ನೀನು ಗೆರೆ ಹಿಡಿ." ಉಳಿದ ಕ್ಷಣ ನಾಯಕಿಗೆ. ಸೆಟ್‌ಗೆ ಎರಡೇ ಟೈಮ್‌ಔಟ್ ಇರುವುದರಿಂದ 24–18 ಆದ ಮೇಲೆ ಎರಡನ್ನೂ ಒಟ್ಟಿಗೆ ಕೇಳಿ ಪ್ರಯೋಜನವಿಲ್ಲ. ಎದುರಾಳಿ ಸಾಲಾಗಿ ಮೂರು ಪಾಯಿಂಟ್ ತೆಗೆದಾಗಲೇ ಒಂದು ಕೇಳಿ. ರೆಫರಿಯ ಬಳಿ ವಿವರಣೆ ಕೇಳುವ ಹಕ್ಕು ಅಂಗಳದಲ್ಲಿರುವ ನಾಯಕನಿಗೆ ಮಾತ್ರ ಎಂದು ಎಲ್ಲರಿಗೂ ಮೊದಲೇ ತಿಳಿಸಿ.

ಹೊನಲು ಬೆಳಕಿನ ಪಂದ್ಯಾವಳಿಗೆ ಹೋದರೆ ಮೈಕಿನ ಅಬ್ಬರದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.

ಕೈಸನ್ನೆ ಜೋಡಿಸಿ. "ನಂದು" ಎನ್ನುವಾಗ ಒಂದು ಕೈ ಪಕ್ಕಕ್ಕೆ ಚಾಚುವುದು, "ಔಟ್" ಎನ್ನುವಾಗ ಎರಡೂ ಕೈ ಮೇಲೆತ್ತುವುದು. ಅಭ್ಯಾಸದ ದಿನಗಳಲ್ಲಿ ಫೋನಿಗೆ ಸ್ಪೀಕರ್ ಜೋಡಿಸಿ, ಕಾಮೆಂಟರಿಯನ್ನೋ ಡೊಳ್ಳಿನ ಸದ್ದನ್ನೋ ಜೋರಾಗಿ ಹಾಕಿ ಒಂದೆರಡು ಸೆಟ್ ಆಡಿಸಿ. ಇನ್ನೊಂದು: ಎತ್ತರದ ಚೆಂಡು ದೀಪದ ಸಾಲಿಗೆ ಬಂದಾಗ ಕಣ್ಣು ಕತ್ತಲೆ ಕಟ್ಟುತ್ತದೆ. ವಾರ್ಮ್‌ಅಪ್‌ನಲ್ಲೇ ನಾಲ್ಕೂ ಮೂಲೆಯಿಂದ ಎತ್ತರದ ಚೆಂಡು ಎತ್ತಿ, ಯಾವ ಜಾಗದಲ್ಲಿ ಹೀಗಾಗುತ್ತದೆ ಎಂದು ನೋಡಿಕೊಳ್ಳಲಿ. ಆ ಜಾಗದ ಚೆಂಡಿಗೆ ಪಕ್ಕದವರು ಕೂಗಬೇಕು.

ಮಂಡಿ ನೋವು ಎನ್ನುತ್ತಾರೆ. ನೆಪವೇ?

ಅಲ್ಲ ಎಂದೇ ತಿಳಿಯಿರಿ. ಬೇಗ ಎತ್ತರ ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಬರುವುದು ಸಾಮಾನ್ಯ. ಜಿಗಿತ ಹೆಚ್ಚಿದಷ್ಟೂ ನೋವು ಹೆಚ್ಚುತ್ತದೆ. ಒಂದು ಅಭ್ಯಾಸದಲ್ಲಿ ಪೂರ್ಣ ಬಲದ ಜಿಗಿತ 40–50ಕ್ಕೆ ನಿಲ್ಲಿಸಿ, ಗಟ್ಟಿ ಕಾಂಕ್ರೀಟಿನ ಮೇಲೆ ಹೊಡೆತದ ಅಭ್ಯಾಸ ಬೇಡ. ನೋವಿರುವ ಮಗುವಿಗೆ ಆ ವಾರ ನಿಂತೇ ಮಾಡುವ ಪಾಸ್ ಮತ್ತು ಸೆಟ್ ಕೆಲಸ ಕೊಡಿ. ಊದಿಕೊಂಡಿದ್ದರೆ, ಕುಂಟುತ್ತಿದ್ದರೆ, ರಾತ್ರಿಯೂ ನೋಯುತ್ತಿದ್ದರೆ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ.

ಪಾದ ಉಳುಕುವುದು ಹೆಚ್ಚಾಗಿ ನೆಟ್‌ನ ಕೆಳಗೆ, ಇನ್ನೊಬ್ಬರ ಕಾಲಿನ ಮೇಲೆ ಇಳಿದಾಗ. ಹೊಡೆಯುವವರು ನೆಟ್‌ನಿಂದ ಒಂದು ಹೆಜ್ಜೆ ದೂರದಲ್ಲೇ ನೆಗೆದು, ಎರಡೂ ಕಾಲಿನ ಮೇಲೆ ಇಳಿಯುವುದನ್ನು ಚೆಂಡಿಲ್ಲದೆ ಮೊದಲು ಕಲಿಸಿ. ಸೆಟ್ ನೆಟ್‌ಗೆ ತೀರಾ ಅಂಟಿಕೊಂಡು ಬಂದರೆ ಹೊಡೆಯದೆ ದಾಟಿಸಿಬಿಡಲಿ.

ಕ್ರೀಡಾಕೂಟಕ್ಕೆ ಮೂರೇ ವಾರ ಉಳಿದಿದೆ. ಯಾವುದಕ್ಕೆ ಸಮಯ ಕೊಡಲಿ?

ಹೊಸ ಹೊಡೆತ ಏನೂ ಬೇಡ. ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಪಾಯಿಂಟ್ ಹೋಗುವುದು ಸರ್ವಿಸ್ ತಪ್ಪಿದಾಗ ಮತ್ತು ಮೊದಲ ಚೆಂಡು ಎತ್ತಲಾಗದಾಗ. 60 ನಿಮಿಷದಲ್ಲಿ 10 ನಿಮಿಷ ಮೈ ಬಿಸಿ ಮಾಡಲು, 15 ನಿಮಿಷ ಸರ್ವಿಸ್, 20 ನಿಮಿಷ ಕೂಗಿನೊಂದಿಗೆ ಸರ್ವಿಸ್ ಎತ್ತುವುದು, ಉಳಿದದ್ದು ಆರು–ಆರರ ಆಟ. ಆಡುವ ಆರು ಮಂದಿಯನ್ನು ಮೊದಲ ವಾರದಲ್ಲೇ ಗೊತ್ತು ಮಾಡಿ, ಅವರ ಅಕ್ಕಪಕ್ಕ ಬದಲಿಸಬೇಡಿ. ಬದಲಿ ಆಟಗಾರರಿಗೂ ದಿನಕ್ಕೆ ಹತ್ತು ನಿಮಿಷ ಆ ಆರು ಜನರ ನಡುವೆ ಆಡುವ ಅವಕಾಶ ಇರಲಿ, ಇಲ್ಲದಿದ್ದರೆ ಪಂದ್ಯದ ನಡುವೆ ಒಳಗೆ ಹೋದವನಿಗೆ ಯಾರ ಹೆಸರು ಕೂಗಬೇಕೆಂದೇ ಹೊಳೆಯುವುದಿಲ್ಲ. ಕೊನೆಯ ಎರಡು ದಿನ ಜಿಗಿತ ಕಡಿಮೆ ಮಾಡಿ. ಬೆಳಗಿನ ಪಂದ್ಯವಿದ್ದರೆ ಒಂದು ಅಭ್ಯಾಸವನ್ನಾದರೂ ಬೆಳಿಗ್ಗೆಯೇ ಇಟ್ಟುಕೊಳ್ಳಿ.